ಸೊರಗಿದ್ದೀರಲ್ಲ ಟೀಚರ್!

ಐವತ್ತು ದಾಟಿದವರು ನಮ್ಮಲ್ಲಿ ನಾಲ್ಕು ಕಿಲೋ ಇಳಿದರೆ ಯಾರೂ ಭೇಷ್ ಅನ್ನುವುದಿಲ್ಲ. ‘ಏನ್ರೀ, ಸೊರಗಿಹೋಗಿದೀರಲ್ಲ, ಶುಗರ್ ಬಂತಾ?’ ಅನ್ನುತ್ತಾರೆ. ನಾಲ್ಕು ಕಿಲೋ ಏರಿದರೆ ‘ಈಗ ಮುಖದಲ್ಲಿ ಕಳೆ ಬಂತು ನೋಡಿ’ ಅನ್ನುವವರು ಕೆಲವರು, ‘ವಾಕಿಂಗ್ ಬಿಟ್‌ಬಿಟ್ರಾ?’ ಅನ್ನುವವರು ಉಳಿದವರು. ಮದುವೆಗೆ ನಿಂತ ಹುಡುಗಿ ಇಳಿಯಬೇಕು, ಬಾಣಂತಿ ಏರಬೇಕು, ಅಜ್ಜಿ ಇದ್ದ ಹಾಗೇ ಇರಬೇಕು. ದೇಹದ ವಿಚಾರದಲ್ಲಿ ನಮ್ಮ ಕುಶಲ ಪ್ರಶ್ನೆಗಳೆಲ್ಲ ತೂಕದ ಮೆಷಿನ್ನಿನ ಸುತ್ತಲೇ ಸುತ್ತುತ್ತವೆ. ಕಸುವಿನ ಬಗ್ಗೆ ಕೇಳುವವರಿಲ್ಲ. ಐವತ್ತೊಂಬತ್ತರ ಹೆಂಗಸೊಬ್ಬರಿಗೆ ‘ಹೋದ ವರ್ಷಕ್ಕಿಂತ ಗಟ್ಟಿಯಾಗಿದೀರಿ’ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಮೊನ್ನೆ ಮೊನ್ನೆ. ಹೇಳಿದವನು ಒಬ್ಬ ಜಿಮ್ ಕೋಚ್.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ ಆ ಜಿಮ್ ಇದೆ. ಏಸಿ ಇಲ್ಲ, ನಾಲ್ಕು ಫ್ಯಾನು. ಎರಡು ಟ್ರೆಡ್‌ಮಿಲ್, ಅದರಲ್ಲೊಂದು ಸದಾ ರಿಪೇರಿ. ಒಂದು ಗೋಡೆ ಪೂರ್ತಿ ‘ಮೊದಲು, ಈಗ’ ಫೋಟೊಗಳು. ಎಡಗಡೆ ಹೊಟ್ಟೆ ಬಿಟ್ಟುಕೊಂಡು ಪೆಚ್ಚಾಗಿ ನಿಂತ ಹುಡುಗ. ಬಲಗಡೆ ಅದೇ ಹುಡುಗ ಮೈಗೆ ಎಣ್ಣೆ ಬಳಿದು, ಉಸಿರು ಬಿಗಿಹಿಡಿದು, ನೆತ್ತಿಯ ಮೇಲಿಂದ ಲೈಟು ಬೀಳುವ ಹಾಗೆ ನಿಂತಿರುತ್ತಾನೆ. (ಎಡಗಡೆಯವನಿಗೂ ಅದೇ ಲೈಟು ಹಾಕಿ, ಒಂದಿಷ್ಟು ನಗಿಸಿದ್ದರೆ ಅರ್ಧ ವ್ಯತ್ಯಾಸ ಅಲ್ಲೇ ಕರಗುತ್ತಿತ್ತು.) ತಿಂಗಳ ಕೊನೆಯ ಶನಿವಾರ ಸದಸ್ಯರಲ್ಲಿ ಒಬ್ಬರನ್ನು ಆರಿಸಿ, ಚಪ್ಪಾಳೆ ತಟ್ಟಿ, ಟೀ ಶರ್ಟ್ ಕೊಟ್ಟು, ಕೇಕ್ ಕತ್ತರಿಸುವುದು ಅಲ್ಲಿನ ರೂಢಿ. ಕಳೆದ ತಿಂಗಳು ಆ ಚಪ್ಪಾಳೆ ಸಿಕ್ಕಿದ್ದು ನಿವೃತ್ತಿಗೆ ಹತ್ತಿರವಾದ ಒಬ್ಬ ಗಣಿತದ ಟೀಚರ್‌ಗೆ.

ಹದಿನಾಲ್ಕು ತಿಂಗಳಲ್ಲಿ ಅವರು ಇಳಿದಿರುವುದು ಒಂದೂವರೆ ಕಿಲೋ. ಫೋಟೊ ತೆಗೆದರೆ ಎಡಕ್ಕೂ ಬಲಕ್ಕೂ ಚೂಡಿದಾರದ ಬಣ್ಣ ಬಿಟ್ಟು ಬೇರೇನೂ ವ್ಯತ್ಯಾಸ ಕಾಣುವುದಿಲ್ಲ. ಕೋಚ್ ಜಾಣ, ಫೋಟೊ ಹಾಕಲಿಲ್ಲ. ಅವರ ನೋಟ್‌ಬುಕ್ಕಿನ ಎರಡು ಪುಟ ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದ. ಒಂದು ಸೇರಿದ ಮೊದಲ ವಾರದ್ದು, ಇನ್ನೊಂದು ಈಚಿನದು.

ಅದು ನೂರು ಪುಟದ ಉದ್ದದ ನೋಟ್‌ಬುಕ್ಕು, ಮಕ್ಕಳು ಹೋಂವರ್ಕಿಗೆ ಇಡುವಂಥದ್ದೇ. ಅಂಚಿಗೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಮೊದಲ ಪುಟ ಹೀಗಿದೆ: ‘ಸೋಮ. ಕುರ್ಚಿ ಬಸ್ಕಿ 10, 10, 7. ಎಡ ಮಂಡಿ ಕಟಕಟ. ನೋವಿಲ್ಲ, ಸದ್ದು ಮಾತ್ರ.’ ಅದರ ಕೆಳಗೆ, ‘ಬುಧ. ಗೈರು. ಅತ್ತೆಯವರ ತಿಥಿ.’ ಅದರ ಕೆಳಗೆ, ‘ಶುಕ್ರ. 10, 10, 9. ಎರಡು ಹೆಚ್ಚು.’ ಕುರ್ಚಿ ಬಸ್ಕಿ ಎಂದರೆ ಇಷ್ಟೇ: ಹಿಂದೊಂದು ಕುರ್ಚಿ ಇಟ್ಟುಕೊಂಡು, ಕೈ ಊರದೆ ಕೂರುವುದು, ಕೈ ಊರದೆ ಏಳುವುದು. ಈಚಿನ ಪುಟದಲ್ಲಿ ಕುರ್ಚಿ ಇಲ್ಲ. ‘ಬಸ್ಕಿ, 12 ಕಿಲೋ ಡಂಬೆಲ್ ಎದೆಗವಚಿ, 8, 8, 8. ಡೆಡ್‌ಲಿಫ್ಟ್ 40 ಕಿಲೋ, ರಾಡ್ ಸಹಿತ, 5, 5, 5.’ ಮನೆಗೆ ಬರುವ ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ. ಕಬ್ಬಿಣದ ತೂಕವೂ ಸೇರಿದರೆ ಸುಮಾರು ಮೂವತ್ತು. ಅದಕ್ಕಿಂತ ಹತ್ತು ಕಿಲೋ ಹೆಚ್ಚಿನದನ್ನು ನೆಲದಿಂದ ಸೊಂಟದೆತ್ತರಕ್ಕೆ ಒಂದು ಬೆಳಿಗ್ಗೆ ಹದಿನೈದು ಸಲ ಎತ್ತುತ್ತಾರೆ. ಕಳೆದ ವರ್ಷ ಸಿಲಿಂಡರ್ ಖಾಲಿಯಾದರೆ ಎದುರುಮನೆ ಹುಡುಗನನ್ನು ಕೂಗುತ್ತಿದ್ದವರು.

ಜಿಮ್ಮಿಗೆ ಬಂದದ್ದು ತೂಕ ಇಳಿಸಲು ಅಲ್ಲವೇ ಅಲ್ಲ. ಯಾರದೋ ಗೃಹಪ್ರವೇಶದಲ್ಲಿ ನೆಲದ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರಂತೆ. ಊಟ ಮುಗಿಯಿತು, ಏಳಲಾಗಲಿಲ್ಲ. ಎಂಜಲು ಕೈ, ಊರುವುದೆಲ್ಲಿ? ಪಕ್ಕದಲ್ಲಿದ್ದ ನಾದಿನಿ ರಟ್ಟೆ ಹಿಡಿದು ಎಬ್ಬಿಸಿದರು. ‘ಮುಂದಿನ ಸಲ ಟೇಬಲ್ ಊಟಕ್ಕೇ ಕೂತ್ಕೊಳ್ಳಿ ಅತ್ತಿಗೆ’ ಅಂದರಂತೆ, ಪ್ರೀತಿಯಿಂದಲೇ. ಆ ಪ್ರೀತಿ ಸಹಿಸಲಾಗಲಿಲ್ಲ ಎಂದು ಟೀಚರ್ ನಗುತ್ತಾರೆ. ಮಂಡಿ ತೋರಿಸಲು ಹೋದಾಗ ಡಾಕ್ಟರು ಎಕ್ಸ್‌ರೇ ನೋಡಿ, ಸವೆತ ವಯಸ್ಸಿಗೆ ತಕ್ಕಷ್ಟೇ ಇದೆ, ತೊಡೆಯಲ್ಲಿ ಬಲವಿಲ್ಲ, ಅದನ್ನು ಬೆಳೆಸಿಕೊಳ್ಳಿ ಎಂದರು.

ಮನೆಯಲ್ಲಿ ಸುಲಭಕ್ಕೆ ಒಪ್ಪಲಿಲ್ಲ. ‘ಅಪ್ಪು ಅಂಥವರಿಗೇ ಹಂಗಾಯ್ತು, ನಿಂಗ್ಯಾಕೆ ಈ ವಯಸ್ಸಲ್ಲಿ?’ ಎಂಬುದು ಯಜಮಾನರ ತಕರಾರು. 2021ರ ಅಕ್ಟೋಬರ್ 29ರಂದು ಅಪ್ಪು, ಅಂದರೆ ನಟ ಪುನೀತ್ ರಾಜ್‌ಕುಮಾರ್, ನಲವತ್ತಾರಕ್ಕೇ ಹೋದ ಮೇಲೆ ಈ ಮಾತು ಕೇಳದ ಜಿಮ್ ಕರ್ನಾಟಕದಲ್ಲಿ ಇದ್ದಿರಲಾರದು. ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದ ದಿನಗಳು ಅವು. ಆ ಭಯವನ್ನು ಹಾಸ್ಯ ಮಾಡುವಂತಿಲ್ಲ. ಆದರೆ ಭಯ ಬಿದ್ದವರು ಮಾಡಬೇಕಾದ್ದು ಬಿಪಿ, ಇಸಿಜಿ ನೋಡಿಸಿಕೊಂಡು ನಿಧಾನಕ್ಕೆ ಶುರುಮಾಡುವುದು. ಸೋಫಾಕ್ಕೆ ಮರಳುವುದರಿಂದ ಹೃದಯಕ್ಕೇನೂ ಉಪಕಾರವಿಲ್ಲ. ಟೀಚರ್ ತಪಾಸಣೆ ಮಾಡಿಸಿ, ರಿಪೋರ್ಟನ್ನು ಊಟದ ಮೇಜಿನ ಮೇಲಿಟ್ಟು, ‘ನೋಡ್ರೀ, ಪಾಸ್’ ಎಂದು ಹೇಳಿ ಬಂದರು.

ಮೊದಲ ಎರಡು ತಿಂಗಳು ಬಲ ಸರಸರ ಏರಿತು. ಏಳಾಗುತ್ತಿದ್ದದ್ದು ಹತ್ತಾಯಿತು, ಹತ್ತಾದದ್ದಕ್ಕೆ ನಾಲ್ಕು ಕಿಲೋ ಡಂಬೆಲ್ ಸೇರಿತು, ಆಮೇಲೆ ಆರು. ಕನ್ನಡಿಯಲ್ಲಿ ಮಾತ್ರ ಏನೂ ಇಲ್ಲ. ಇದರಲ್ಲಿ ಪವಾಡವೂ ಇಲ್ಲ, ಮೋಸವೂ ಇಲ್ಲ. ಹೊಸದಾಗಿ ಶುರುಮಾಡಿದವರಲ್ಲಿ ಮೊದಲು ಕಲಿಯುವುದು ನರಗಳು. ಇಷ್ಟು ಕಾಲ ಸುಮ್ಮನೆ ಕೂತಿದ್ದ ಸ್ನಾಯುವಿನ ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆ ಕರೆಯುವುದನ್ನು ಮಿದುಳು ರೂಢಿ ಮಾಡಿಕೊಳ್ಳುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ದಪ್ಪಗಾಗುವುದು ಆಮೇಲಿನ ಮಾತು, ಅದೂ ಈ ವಯಸ್ಸಿನಲ್ಲಿ ತೀರ ನಿಧಾನ. ಬಂದ ತಿಂಗಳಲ್ಲೇ ಕನ್ನಡಿ ಮುಂದೆ ನಿಂತು ‘ಏನೂ ಆಗ್ತಿಲ್ಲ’ ಎಂದು ಬಿಟ್ಟುಹೋಗುವವರು ಒಳಗೆ ನಡೆಯುತ್ತಿರುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಹೋಗುತ್ತಾರೆ. ಜನವರಿಯಲ್ಲಿ ವರ್ಷದ ಫೀಸು ಒಟ್ಟಿಗೆ ಕಟ್ಟಿ ಫೆಬ್ರವರಿಯಲ್ಲಿ ಮಾಯವಾಗುವವರ ಮೇಲೆಯೇ ಎಷ್ಟೋ ಜಿಮ್‌ಗಳ ಬಾಡಿಗೆ ನಡೆಯುತ್ತದೆ. ಅದು ಬೇರೆ ಕಥೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕಾಣುವ, ಹತ್ತರಂತೆ ಮೂರು ಸೆಟ್ ಎಂಬ ಲೆಕ್ಕಕ್ಕೂ ಒಂದು ಹಿನ್ನೆಲೆ ಇದೆ. ಎರಡನೇ ಮಹಾಯುದ್ಧದ ಕಾಲ. ಚಿಕಾಗೊದ ಸೈನಿಕ ಆಸ್ಪತ್ರೆಯೊಂದರಲ್ಲಿ ಥಾಮಸ್ ಡಿಲಾರ್ಮ್ ಎಂಬ ಯುವ ವೈದ್ಯ. ಮಂಡಿ ಪೆಟ್ಟಾದ ಸೈನಿಕರಿಂದ ವಾರ್ಡು ತುಂಬಿಹೋಗಿದೆ. ಹಗುರ ತೂಕವನ್ನು ಬಹಳ ಸಲ ಎತ್ತಿಸಿ ಕಾಯುವುದು ಅಂದಿನ ಪದ್ಧತಿ. ಹುಡುಗನಾಗಿದ್ದಾಗ ಕಾಯಿಲೆ ಬಿದ್ದು, ತೂಕ ಎತ್ತಿಯೇ ಚೇತರಿಸಿಕೊಂಡಿದ್ದ ಡಿಲಾರ್ಮ್ ಇದನ್ನು ತಿರುಗಿಸಿದ: ತೂಕ ಭಾರವಾಗಿರಲಿ, ಎಣಿಕೆ ಕಡಿಮೆಯಿರಲಿ, ಬಲ ಬಂದ ಹಾಗೆ ಭಾರವನ್ನು ಏರಿಸುತ್ತ ಹೋಗಲಿ. 1945ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಮೊದಲು ಸೆಟ್‌ಗಳು ಹೆಚ್ಚಿದ್ದವು. ಕೆಲವು ವರ್ಷಗಳಲ್ಲಿ ಅದು ಹತ್ತರಂತೆ ಮೂರಕ್ಕೆ ಬಂದು ನಿಂತಿತು. ಇಂದು ಬೀದಿಬೀದಿಯ ಜಿಮ್ಮಿನಲ್ಲಿ ಕೋಚ್‌ಗಳು ಹೇಳಿಕೊಡುವ ಲೆಕ್ಕ ಹೀಗೆ ಕುಂಟುತ್ತಿದ್ದ ಸೈನಿಕರಿಂದ ಬಂದದ್ದು. ಫೋಟೊಕ್ಕೆ ನಿಲ್ಲುವವರಿಗಿಂತ ಕುರ್ಚಿಯಿಂದ ಏಳಲಾರದವರಿಗೇ ಅದರ ಮೇಲೆ ಹೆಚ್ಚಿನ ಹಕ್ಕು ಎಂದು ನನಗನ್ನಿಸುತ್ತದೆ.

ವಯಸ್ಸಾದವರಿಗೆ ಇದೆಲ್ಲ ಆಗಿಬರುವುದಿಲ್ಲ ಎನ್ನುವವರಿಗೆ 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಪ್ರಯೋಗವನ್ನು ಹೇಳಬೇಕು. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಜುಬಾಜಿನ ಹತ್ತು ಮಂದಿಗೆ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಎಂಟು ವಾರ, ವಾರಕ್ಕೆ ಮೂರು ದಿನ ತೊಡೆಯ ಸ್ನಾಯುವಿಗೆ ಭಾರದ ವ್ಯಾಯಾಮ ಮಾಡಿಸಿದರು. ಒಂಬತ್ತು ಮಂದಿ ಕೊನೆಯವರೆಗೂ ಮಾಡಿದರು. ತೊಡೆಯ ಬಲ ಸರಾಸರಿ 174 ಪ್ರತಿಶತ ಏರಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಂಬತ್ತರವರದೇ ಈ ಮಾತಾದರೆ, ಐವತ್ತೊಂಬತ್ತರ ಟೀಚರ್ ಜಿಮ್ಮಿನ ಲೆಕ್ಕದಲ್ಲಿ ಎಳೆಯ ಹುಡುಗಿ.

ಆದರೆ ಸರಸರ ಏರುವ ಕಾಲ ಎಲ್ಲರಿಗೂ ಮುಗಿಯುತ್ತದೆ. ನೋಟ್‌ಬುಕ್ಕಿನ ನಡುವಿನ ಪುಟಗಳನ್ನು ಯಾರೂ ಜೆರಾಕ್ಸ್ ಮಾಡಿಸಿಲ್ಲ. ನನಗೆ ಅವೇ ಹೆಚ್ಚು ಇಷ್ಟವಾದವು. ಮೂವತ್ತು ಕಿಲೋ, ಮೂವತ್ತು ಕಿಲೋ, ಮೂವತ್ತು ಕಿಲೋ ಎಂದು ಒಂಬತ್ತು ವಾರ. ಮಧ್ಯೆ ಒಂದು ಪುಟದ ತುಂಬ ಗೈರು: ‘ಜ್ವರ’, ‘ಜ್ವರ’, ‘ನಿಶ್ಶಕ್ತಿ’, ‘ಎಸೆಸೆಲ್ಸಿ ಪೇಪರ್ ವ್ಯಾಲ್ಯುಯೇಷನ್’, ‘ನೆಂಟರು’. ಆಮೇಲೆ ಇಪ್ಪತ್ತಕ್ಕೆ ಇಳಿದು ಮತ್ತೆ ಶುರು. ಗೈರನ್ನು ಕೆಂಪು ಇಂಕಿನಲ್ಲಿ, ಕಾರಣ ಸಮೇತ ಬರೆದಿರುವುದು ಮಕ್ಕಳ ಹಾಜರಿ ತೆಗೆದವರ ಶಿಸ್ತು. ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟಿತು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ವ್ರತ ಮಾಡುವವರ ಮನಸ್ಸು ನಮ್ಮದು, ಭಂಗವಾದರೆ ಫಲವಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಹೊಸ ರೂಢಿಗಳು ಹೇಗೆ ಬೇರೂರುತ್ತವೆ ಎಂದು ನೋಡಿದಾಗ ಒಬ್ಬರಿಗೆ ಹದಿನೆಂಟು ದಿನಕ್ಕೇ ಹಿಡಿದದ್ದು ಇನ್ನೊಬ್ಬರಿಗೆ ಎಂಟು ತಿಂಗಳು ಬೇಡುತ್ತದೆ ಎಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳುವಂಥ ನಷ್ಟವೇನೂ ಕಾಣಲಿಲ್ಲ. ಟೀಚರ್‌ಗೆ ಇದನ್ನು ಹೇಳಿದೆ. ‘ಅದಕ್ಕೆ ಲಂಡನ್ ಯಾಕ್ರೀ ಬೇಕು? ಜ್ವರ ಬಂದ ಮಗು ವಾಪಸ್ ಸ್ಕೂಲಿಗೆ ಬರಲ್ವೇ?’ ಅಂದರು.

ನಿಂತಲ್ಲೇ ನಿಂತ ಹಾಗಿರುವ ಈ ವಾರಗಳು ಎಂಥವರಿಗೂ ತಪ್ಪಿದ್ದಲ್ಲ. ಕುಂದಾಪುರ ಕಡೆಯ, ಟ್ರಕ್ ಚಾಲಕರ ಮಗ ಗುರುರಾಜ ಪೂಜಾರಿಯನ್ನೇ ತೆಗೆದುಕೊಳ್ಳಿ. ಕುಸ್ತಿಯ ಆಸೆ ಹೊತ್ತು ಉಜಿರೆಯ ಕಾಲೇಜಿಗೆ ಹೋಗಿ ವೇಟ್‌ಲಿಫ್ಟರ್ ಆದ ಹುಡುಗ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದು, ಆ ಕೂಟದಲ್ಲಿ ಭಾರತದ ಪದಕದ ಖಾತೆ ತೆರೆದ. ನಾಲ್ಕು ವರ್ಷದ ಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿ, 61 ಕಿಲೋ ವಿಭಾಗದಲ್ಲಿ, ಎತ್ತಿದ್ದು 269; ಕಂಚು. ವಿಭಾಗ ಬೇರೆ, ಹಾಗಾಗಿ ಸರಿಸಮ ಹೋಲಿಕೆಯಲ್ಲ. ಆದರೂ ಸುಮ್ಮನೆ ಕಳೆದು ನೋಡಿ: ಅದನ್ನೇ ಬದುಕು ಮಾಡಿಕೊಂಡವನಿಗೆ ನಾಲ್ಕು ವರ್ಷದ ವ್ಯತ್ಯಾಸ ಇಪ್ಪತ್ತು ಕಿಲೋ. ಎಂಟು ವಾರದಲ್ಲಿ ಬಲ ಎರಡು ಪಟ್ಟು ದಾಟುವುದು ಹೊಸಬರಿಗೆ ಸಿಗುವ ಸವಲತ್ತು. ಮೇಲೆ ಹೋದ ಹಾಗೆ ಒಂದೊಂದು ಕಿಲೋಗೂ ತಿಂಗಳುಗಟ್ಟಲೆ ಕಾಯಬೇಕು. ಚಪ್ಪಾಳೆ ತಟ್ಟುವವರು ಸಾಮಾನ್ಯವಾಗಿ ಏರಿದ ವಾರ ಬಂದು ತಟ್ಟುತ್ತಾರೆ. ನಿಂತ ವಾರಗಳಲ್ಲಿ ಒಮ್ಮೆ ತಟ್ಟಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ!

ಬಲದ ಲೆಕ್ಕ ನಮಗೆ ಹೊಸತೇನಲ್ಲ ಎಂದು ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಗರಡಿಮನೆಯ ಕೆಮ್ಮಣ್ಣಿನಲ್ಲಿ ಹೊರಳಿ, ಗದೆ ತಿರುಗಿಸಿ, ದಂಡೆ ಬಸ್ಕಿ ಹೊಡೆದು ಸಾಮು ಮಾಡಿದವರ ಊರು ಇದು; ದಸರೆಗೆ ಇಂದಿಗೂ ಕುಸ್ತಿ ನಡೆಯುತ್ತದೆ, ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ‘ಶಾಂತಲಾ’, ‘ರೂಪದರ್ಶಿ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದವರು. ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಟ್ಟಿಗೆ ಕಲಿಸಿದವರು. ದೂರದ ಊರಿನ ಶಿಷ್ಯರಿಗೆ ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು. ಅಂಚೆಯ ಪಾಠದಲ್ಲಿ ಬೆನ್ನ ಹಿಂದೆ ನಿಂತು ‘ಇನ್ನೊಂದು, ಇನ್ನೊಂದು’ ಎಂದು ಹುರಿದುಂಬಿಸುವವರು ಇರುವುದಿಲ್ಲ. ಅಂಥ ಪಾಠವನ್ನು ತಿಂಗಳುಗಟ್ಟಲೆ ಒಂಟಿಯಾಗಿ ಮಾಡಿದವರು ಎಂಥವರಿರಬೇಕು ಎಂದು ನಾನು ಆಗಾಗ ಯೋಚಿಸುವುದುಂಟು. ಇಷ್ಟೆಲ್ಲ ಇದ್ದೂ, ಗರಡಿಯ ಹೊಸ್ತಿಲು ಸಾಮಾನ್ಯವಾಗಿ ಗಂಡಸರಿಗೆ ಮಾತ್ರ. ಹೆಂಗಸರು ಬಾವಿಯಿಂದ ನೀರು ಸೇದಿದರು, ಒರಳು ತಿರುವಿದರು, ಸೌದೆ ಹೊತ್ತರು. ಅದು ಕೆಲಸ ಅನ್ನಿಸಿಕೊಂಡಿತೇ ಹೊರತು ಬಲ ಅನ್ನಿಸಿಕೊಳ್ಳಲಿಲ್ಲ. ಆ ಕೆಲಸ ನಲ್ಲಿ, ಮಿಕ್ಸಿ, ಗ್ಯಾಸಿನ ಪಾಲಾದಾಗ ಬೆನ್ನಿಗೆ ಆರಾಮ ಸಿಕ್ಕಿತು, ಒಳ್ಳೆಯದೇ ಆಯಿತು. ತೊಡೆಯಿಂದ ಏನು ಹೋಯಿತೆಂದು ಮಾತ್ರ ಯಾರೂ ಲೆಕ್ಕ ಇಡಲಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುವುದು ಹೆಂಗಸರಿಗೇ. ಹಾಗಾಗಿ ತೂಕ ಎತ್ತುವ ಅಗತ್ಯ ಗೋಡೆಯ ಮೇಲೆ ಎಣ್ಣೆ ಹಚ್ಚಿಕೊಂಡು ನಿಂತ ಹುಡುಗರಿಗಿಂತ ಅವರ ಅಮ್ಮಂದಿರಿಗೇ ಹೆಚ್ಚು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುವಿಗೆ ಕೆಲಸ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಯಸ್ಕರಿಗೆಲ್ಲ. ನಾವು ಅದರ ‘ನಡೆಯಿರಿ’ ಎಂಬ ಅರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದೇವೆ.

ಶನಿವಾರದ ಸಮಾರಂಭ ಹತ್ತು ನಿಮಿಷದ್ದು. ಎಗ್‌ಲೆಸ್ ಕೇಕ್ ಬಂತು. ಎಲ್ಲರೂ ಕ್ರೀಮನ್ನು ಪ್ಲೇಟಿನ ಅಂಚಿಗೆ ತಳ್ಳಿ ಒಳಗಿನ ಬ್ರೆಡ್ಡನ್ನಷ್ಟೇ ತಿಂದರು. ಕೋಚ್ ನಾಲ್ಕು ಮಾತು ಆಡಿದ. ‘ಮೇಡಂ ಸ್ಲಿಮ್ ಆಗಿಲ್ಲ, ಸ್ಟ್ರಾಂಗ್ ಆಗಿದಾರೆ. ಹೋದ ವರ್ಷಕ್ಕಿಂತ ಗಟ್ಟಿಯಾಗಿದೀರಿ ಮೇಡಂ.’ ಟೀಚರ್ ಮೈಕ್ ಇಲ್ಲದೆಯೂ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ, ‘ಮೂವತ್ತು ವರ್ಷ ಹೋಂವರ್ಕ್ ಮಾಡದ ಮಕ್ಕಳಿಗೆ ಪುಕ್ಕಟೆ ಬಸ್ಕಿ ಹೊಡೆಸಿದೆ. ಈಗ ತಿಂಗಳಿಗೆ ಸಾವಿರದ ಇನ್ನೂರು ಕೊಟ್ಟು ನಾನೇ ಹೊಡೀತಿದೀನಿ’ ಎಂದರು. ಹುಡುಗರು ನಕ್ಕರು. ಟೀ ಶರ್ಟ್ ಎಕ್ಸೆಲ್ ಸೈಜಿನದು, ಯಜಮಾನರು ಹಾಕಿಕೊಳ್ಳುತ್ತಿದ್ದಾರೆ. ಮರುದಿನ ಬೀದಿಯಲ್ಲಿ ಸಿಕ್ಕ ಪರಿಚಯದವರೊಬ್ಬರು ಅವರನ್ನು ತಡೆದು ನಿಲ್ಲಿಸಿ, ಕಾಳಜಿಯಿಂದ, ‘ಸ್ವಲ್ಪ ಸೊರಗಿದ್ದೀರಲ್ಲ ಟೀಚರ್, ಚೆಕಪ್ ಮಾಡಿಸಿದ್ರಾ?’ ಎಂದು ಕೇಳಿದರಂತೆ. ಇಳಿದದ್ದು ಒಂದೂವರೆ ಕಿಲೋ ಎಂಬುದನ್ನು ನೆನಪಿಡಿ.

ಜೆರಾಕ್ಸ್ ಪುಟಗಳ ಪ್ರಭಾವ ಒಂದು ವಾರ ಜೋರಾಗಿತ್ತು. ಬೆಳಗಿನ ಬ್ಯಾಚಿನ ಹುಡುಗರೆಲ್ಲ ನೋಟ್‌ಬುಕ್ ತಂದರು, ಕೆಲವರು ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡರು. ಎರಡನೆಯ ವಾರಕ್ಕೆ ಬರೆಯುತ್ತಿದ್ದವನು ಒಬ್ಬನೇ, ವೆಲ್ಡಿಂಗ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗ. ಅವನಿಗೊಂದು ಕೊರಗು: ಬೆಂಚ್ ಪ್ರೆಸ್ಸಿನಲ್ಲಿ ಜೊತೆಯ ಹುಡುಗರೆಲ್ಲ ಅರವತ್ತು ಎತ್ತುತ್ತಾರೆ, ತಾನು ನಲವತ್ತರಲ್ಲೇ ನಿಂತಿದ್ದೇನೆ ಎಂದು. ಒಂದು ದಿನ ಟೀಚರ್ ಅವನ ಪುಸ್ತಕ ಇಸಿದುಕೊಂಡು, ಕನ್ನಡಕ ಏರಿಸಿ, ಹೋಂವರ್ಕ್ ನೋಡುವ ಹಾಗೆ ನೋಡಿದರು. ‘ಈ ನಲವತ್ತು ಹೇಗೆ ಬಂತಪ್ಪ?’ ‘ಈ ಕಡೆ ಇಪ್ಪತ್ತು, ಆ ಕಡೆ ಇಪ್ಪತ್ತು, ಮಿಸ್.’ ‘ಮತ್ತೆ ರಾಡು?’ ಹುಡುಗ ರಾಡಿನ ತೂಕವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದೆಷ್ಟು ತೂಗುತ್ತದೆಂದು ಕೋಚ್‌ಗೂ ಸರಿಯಾಗಿ ಗೊತ್ತಿರಲಿಲ್ಲ, ಇಪ್ಪತ್ತಿರಬೇಕು ಎಂದ. ಇರಬೇಕು ಎಂಬ ಉತ್ತರಕ್ಕೆ ಟೀಚರ್ ಅಂಕ ಕೊಡುವವರಲ್ಲ. ಪ್ಲೇಟುಗಳನ್ನೆಲ್ಲ ಬಿಚ್ಚಿಸಿ, ಬಾಗಿಲ ಬಳಿಯ ತೂಕದ ಮೆಷಿನ್ನಿನ ಮೇಲೆ ರಾಡನ್ನು ನೆಟ್ಟಗೆ ನಿಲ್ಲಿಸಿ ತೂಗಿಸಿದರು. ಹದಿನೆಂಟು ಕಿಲೋ. ಹುಡುಗ ಹಿಂದಿನ ಪುಟಗಳನ್ನೆಲ್ಲ ತೆಗೆದು, ಪ್ರತಿ ಸಾಲಿನಲ್ಲೂ ಹದಿನೆಂಟು ಕೂಡಿಸುತ್ತ ಅಲ್ಲೇ ಬೆಂಚಿನ ಮೇಲೆ ಕೂತ. ಹಿಂದೆ ಇಬ್ಬರು ಬೆಂಚ್ ಬೇಕೆಂದು ಕಾಯುತ್ತಿದ್ದರು.